ಸಣ್ಣ ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಕರೆದೊಯ್ಯುವವರಿಗೆ ಸಮಗ್ರ ಮಾರ್ಗದರ್ಶಿ: ಸ್ಥಳ ಆರಿಸುವುದರಿಂದ ಮನೆಯವರ ಕೈಗೆ ಒಪ್ಪಿಸುವವರೆಗೆ

ಪ್ರವಾಸ ಮುಗಿಸಿ ಬಂದ ಶಿಕ್ಷಕರೂ ಜೊತೆಗೆ ಹೋಗಿದ್ದ ಪೋಷಕರೂ ಹೇಳಿಕೊಳ್ಳುವ ತೊಂದರೆಗಳು ವರ್ಷ ವರ್ಷವೂ ಒಂದೇ ಬಗೆಯವು. ಶೌಚಾಲಯದ ಬಳಿ ಒಂದು ಮಗು ಹಿಂದೆ ಉಳಿದಿರುತ್ತದೆ. ಬಸ್ಸು ಹೊರಟ ಮೇಲೆ ಲೆಕ್ಕ ತಪ್ಪಿದ್ದು ಗೊತ್ತಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಇಬ್ಬರು ಕುಸಿದು ಕುಳಿತಿರುತ್ತಾರೆ. ಸಂಜೆ ಮಗುವನ್ನು ಯಾರೋ ಕರೆದುಕೊಂಡು ಹೋಗಿರುತ್ತಾರೆ, ಯಾರೆಂದು ಯಾರೂ ಬರೆದಿಟ್ಟಿರುವುದಿಲ್ಲ. ಎಂಟು ಜನ ಹಿರಿಯರು ಸೇರಿ ಐವತ್ತು ಮಕ್ಕಳನ್ನು ಒಟ್ಟಾಗಿ ನೋಡಿಕೊಳ್ಳುತ್ತೇವೆ ಎಂದು ಹೊರಟಾಗ, ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆಂದು ನಂಬಿರುತ್ತಾರೆ, ಆ ನಂಬಿಕೆಯ ನಡುವಿನ ಸಂದಿನಲ್ಲಿಯೇ ಮಗು ಕೈತಪ್ಪುತ್ತದೆ. ಆದ್ದರಿಂದ ಪ್ರತಿ ಮಗುವಿಗೂ ಬೆಳಿಗ್ಗೆಯಿಂದ ಸಂಜೆಯವರೆಗೆ ಹೆಸರು ಹೇಳಬಹುದಾದ ಒಬ್ಬ ಹೊಣೆಗಾರರಿರಬೇಕು, ಆ ಹೊಣೆ ಅರ್ಧ ಗಂಟೆಯ ಮಟ್ಟಿಗೆ ಬೇರೆಯವರಿಗೆ ಹೋಗುವುದಿದ್ದರೂ ಬಾಯಿಬಿಟ್ಟು ಹೇಳಿಯೇ ಒಪ್ಪಿಸಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಮೇಲೆ ನಿಂತಿವೆ. 1ರಿಂದ 5ನೇ ತರಗತಿಯ ಮಕ್ಕಳ ಒಂದು ದಿನದ ಪ್ರವಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಹಂತ 1: ಸ್ಥಳವನ್ನು ಆರಿಸಿ, ಮುಂಚಿತವಾಗಿ ಹೋಗಿ ನೋಡಿ ಬನ್ನಿ

ಒಂದು ದಿನಕ್ಕೆ ಎರಡು ಸ್ಥಳಗಳು ಸಾಕು. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಕಾರ್ಕಳ, ಅಲ್ಲಿಂದ ಮೂಡುಬಿದಿರೆ, ಊಟಕ್ಕೆ ಪಿಲಿಕುಳ, ಸಂಜೆ ಪಣಂಬೂರು ಕಡಲತೀರ ಎಂಬಂಥ ಪಟ್ಟಿಯನ್ನು ನೀವೂ ಕಂಡಿರಬಹುದು. ಅಂಥ ದಿನದಲ್ಲಿ ಮಕ್ಕಳು ನೋಡುವುದಕ್ಕಿಂತ ಹತ್ತಿ ಇಳಿಯುವುದೇ ಹೆಚ್ಚು, ಮತ್ತು ಪ್ರತಿ ಸಲ ಹತ್ತಿ ಇಳಿಯುವಾಗಲೂ ಲೆಕ್ಕ ತಪ್ಪುವ ಒಂದೊಂದು ಅವಕಾಶ ಹುಟ್ಟುತ್ತದೆ. ಪಿಲಿಕುಳವೊಂದರಲ್ಲಿಯೇ ಜೈವಿಕ ಉದ್ಯಾನ, ವಿಜ್ಞಾನ ಕೇಂದ್ರ, ತಾರಾಲಯ, ಕುಶಲಕರ್ಮಿಗಳ ಗ್ರಾಮ, ಗುತ್ತಿನ ಮನೆ (ತುಳುನಾಡಿನ ಹಳೆಯ ಜಮೀನ್ದಾರಿ ಮನೆ), ಕೆರೆ ಎಲ್ಲವೂ ಇವೆ. ಅವು ಒಂದಕ್ಕೊಂದು ತಾಗಿಕೊಂಡಿಲ್ಲ, ನಡುವೆ ನಡಿಗೆಯೂ ಇದೆ, ಬಿಸಿಲೂ ಇದೆ. ಎರಡನೇ ತರಗತಿಯ ಮಕ್ಕಳಿಗೆ ಇವುಗಳಲ್ಲಿ ಎರಡನ್ನು ಮಾತ್ರ ಆರಿಸಿ ನಿಧಾನವಾಗಿ ತೋರಿಸುವುದು ಒಳ್ಳೆಯದು.

ಸ್ಥಳ ನಿಶ್ಚಯವಾದ ಮೇಲೆ ಕನಿಷ್ಠ ಒಬ್ಬರು, ಪ್ರವಾಸಕ್ಕೆ ಒಂದು ವಾರ ಮೊದಲು, ಪ್ರವಾಸದ ಹೊತ್ತಿನಲ್ಲಿಯೇ ಅಲ್ಲಿಗೆ ಹೋಗಿ ಬರಬೇಕು. ಬಸ್ಸು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಬಾಗಿಲಿಗೆ ರಸ್ತೆ ದಾಟಬೇಕೇ, ಶೌಚಾಲಯ ಎಷ್ಟಿವೆ, ಅವುಗಳಲ್ಲಿ ನೀರು ಬರುತ್ತದೆಯೇ, ಚಿಲಕ ಒಳಗಿನಿಂದ ಸಿಕ್ಕಿಕೊಳ್ಳುತ್ತದೆಯೇ, ಐವತ್ತು ಮಕ್ಕಳು ಕುಳಿತು ಊಟ ಮಾಡುವಷ್ಟು ನೆರಳು ಎಲ್ಲಿದೆ, ಹೊರಹೋಗುವ ದಾರಿಗಳು ಎಷ್ಟು, ಮೊಬೈಲ್ ಸಂಪರ್ಕ ಎಲ್ಲಿ ಸಿಗುವುದಿಲ್ಲ, ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ವಾರದ ರಜೆ ಯಾವತ್ತು ಎಂದು ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಕೆಲವು ಸ್ಥಳಗಳ ತೊಂದರೆ ಹೋದ ಮೇಲೆಯೇ ತಿಳಿಯುತ್ತದೆ. ಕಾರ್ಕಳದ 42 ಅಡಿಯ ಗೊಮ್ಮಟನ ಬೆಟ್ಟ ಬರಿಯ ಬಂಡೆ. ಮೆಟ್ಟಿಲೂ ಅಂಗಳವೂ ಮಧ್ಯಾಹ್ನಕ್ಕೆ ಕಾದು ಬರಿಗಾಲು ಸುಡುತ್ತದೆ, ಹಾಗಾಗಿ ಅಲ್ಲಿಗೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ತಲುಪಬೇಕು. ಉಡುಪಿಯ ಕೃಷ್ಣಮಠಕ್ಕೆ ಹೋಗುವುದಾದರೆ ಜನವರಿಯ ಉತ್ಸವದ ದಿನಗಳನ್ನು, ಪರ್ಯಾಯದ (ಎರಡು ವರ್ಷಕ್ಕೊಮ್ಮೆ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ) ವರ್ಷವಾಗಿದ್ದರೆ ಆ ಇಡೀ ವಾರವನ್ನು ಬಿಟ್ಟುಬಿಡಬೇಕು. ಮಲ್ಪೆಯ ಸೈಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಉಳಿದ ತಿಂಗಳುಗಳಲ್ಲಿಯೂ ಪ್ರಾಥಮಿಕ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ದೋಣಿ ಹತ್ತುವಾಗ, ಇಳಿಯುವಾಗ, ಕಂಬದಾಕಾರದ ಆ ಕಲ್ಲುಗಳ ಮೇಲೆ ಪಾಚಿಯಲ್ಲಿ ಕಾಲಿಡುವಾಗ ಪ್ರತಿ ಮಗುವಿಗೂ ಒಂದು ಕೈ ಬೇಕಾಗುತ್ತದೆ, ಅಷ್ಟು ಕೈಗಳು ಯಾವ ಶಾಲೆಯ ಬಳಿಯೂ ಇರುವುದಿಲ್ಲ.

ಹಂತ 2: ಅನುಮತಿ ಮತ್ತು ಮನೆಯವರಿಂದ ಪಡೆಯಬೇಕಾದ ವಿವರ

ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ, ವಾಹನ ಮತ್ತು ಪ್ರಯಾಣದ ಸಮಯದ ಬಗ್ಗೆ ಇಲಾಖೆಯ ಆ ವರ್ಷದ ಸುತ್ತೋಲೆ, ಇವೆರಡನ್ನೂ ಮುಂಗಡ ಹಣ ಕೊಡುವ ಮೊದಲೇ ನೋಡಿಕೊಳ್ಳಬೇಕು.

ಮನೆಯವರ ಒಪ್ಪಿಗೆ ಪತ್ರದಲ್ಲಿ ಸಹಿಗಿಂತ ವಿವರ ಮುಖ್ಯ. ಮಗುವಿಗೆ ಉಬ್ಬಸ, ಅಪಸ್ಮಾರ, ಯಾವುದಾದರೂ ಆಹಾರದ ಅಲರ್ಜಿ ಇದೆಯೇ, ದಿನವೂ ಕೊಡುವ ಔಷಧವೇನು, ಬಸ್ಸಿನಲ್ಲಿ ವಾಂತಿಯಾಗುತ್ತದೆಯೇ, ಹಗಲಿನಲ್ಲಿಯೂ ಮೂತ್ರ ಹಿಡಿದಿಟ್ಟುಕೊಳ್ಳಲು ಕಷ್ಟವಿದೆಯೇ, ಕತ್ತಲೆಗೆ ಅಥವಾ ಎತ್ತರಕ್ಕೆ ಹೆದರುತ್ತದೆಯೇ ಎಂದು ಬಿಡಿಬಿಡಿಯಾಗಿ ಕೇಳಿ. "ಆರೋಗ್ಯದ ಸಮಸ್ಯೆ ಇದ್ದರೆ ತಿಳಿಸಿ" ಎಂದು ಒಂದೇ ಸಾಲು ಬರೆದರೆ ಎಲ್ಲರೂ "ಇಲ್ಲ" ಎಂದು ಬರೆದು ಕಳುಹಿಸುತ್ತಾರೆ, ಏಕೆಂದರೆ ಬಸ್ಸಿನಲ್ಲಿ ವಾಂತಿ ಮಾಡುವುದನ್ನಾಗಲಿ ಗೇರುಬೀಜ ತಿಂದರೆ ತುಟಿ ಊದುವುದನ್ನಾಗಲಿ ಮನೆಯವರು ಕಾಯಿಲೆಯೆಂದು ಎಣಿಸುವುದಿಲ್ಲ. ಸಂಜೆ ಮಗುವನ್ನು ಕರೆದೊಯ್ಯಲು ಬರುವ ಇಬ್ಬರ ಹೆಸರು ಮತ್ತು ಫೋನ್ ಸಂಖ್ಯೆಯೂ ಅದೇ ಪತ್ರದಲ್ಲಿರಬೇಕು. ಔಷಧ ಕೊಡಬೇಕಾಗಿದ್ದರೆ ಅದರ ಹೆಸರು, ಪ್ರಮಾಣ, ಹೊತ್ತು ಬರೆದ ಚೀಟಿ ಬೇಕು. ಬಾಯಿಮಾತಿನ ಮೇಲೆ ಮಾತ್ರೆ ಕೊಡಬೇಡಿ.

ಇನ್ನೊಂದು ವಿಷಯ ನಮ್ಮ ಕಡೆಯ ಶಾಲೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಮನೆಯಲ್ಲಿ ಮಗು ಯಾವ ಮಾತು ಆಡುತ್ತದೆ ಎಂದೂ ಬರೆಸಿಕೊಳ್ಳಿ. ತರಗತಿಯಲ್ಲಿ ಚೆನ್ನಾಗಿ ಕನ್ನಡ ಮಾತನಾಡುವ ಆರು ವರ್ಷದ ಮಗು ಹೆದರಿದಾಗ, ನೋವಾದಾಗ ತುಳುವಿಗೋ ಕೊಂಕಣಿಗೋ ಬ್ಯಾರಿಗೋ ತಿರುಗುತ್ತದೆ. ಆ ಮಾತು ಬಲ್ಲ ಒಬ್ಬರು ಜೊತೆಗಿದ್ದರೆ ಎಲ್ಲಿ ನೋವು ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಹಂತ 3: ಗುಂಪು ಮಾಡಿ, ಪ್ರತಿ ಗುಂಪಿಗೂ ಹೊಣೆಗಾರರನ್ನು ಹೆಸರಿಸಿ

1ರಿಂದ 3ನೇ ತರಗತಿಯವರೆಗೆ ಆರು ಮಕ್ಕಳಿಗೆ ಒಬ್ಬರು, 4 ಮತ್ತು 5ನೇ ತರಗತಿಗೆ ಎಂಟು ಮಕ್ಕಳಿಗೆ ಒಬ್ಬರು ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ಆರು ಮುಖಗಳನ್ನು ಒಂದೇ ನೋಟದಲ್ಲಿ ಎಣಿಸಬಹುದು, ಹತ್ತಾದರೆ ಬೆರಳು ಮಡಚಬೇಕಾಗುತ್ತದೆ. ಇದರ ಮೇಲೆ ಯಾವ ಗುಂಪೂ ಇಲ್ಲದ ಇನ್ನೊಬ್ಬರು ಬೇಕೇಬೇಕು. ಟಿಕೆಟ್ ಕೊಳ್ಳುವುದು, ಚಾಲಕರೊಂದಿಗೆ ಮಾತನಾಡುವುದು, ಹುಷಾರು ತಪ್ಪಿದ ಮಗುವಿನ ಜೊತೆ ಕುಳಿತುಕೊಳ್ಳುವುದು ಅವರ ಕೆಲಸ. ಮುಖ್ಯ ಶಿಕ್ಷಕರು ಬರುವುದಿದ್ದರೆ ಅವರೇ ಈ ಜಾಗಕ್ಕೆ ಸರಿ. ಹೆಚ್ಚಿನ ಶಾಲೆಗಳಲ್ಲಿ ಟಿಕೆಟ್ ಸಾಲಿನಲ್ಲಿ ನಿಲ್ಲುವವರಿಗೂ ಒಂದು ಗುಂಪು ಕೊಟ್ಟಿರುತ್ತಾರೆ, ಅವರು ಸಾಲಿನಲ್ಲಿರುವ ಇಪ್ಪತ್ತು ನಿಮಿಷ ಆ ಆರು ಮಕ್ಕಳಿಗೆ ಯಾರೂ ಇಲ್ಲದಂತಾಗುತ್ತದೆ.

ಜೊತೆಗೆ ಬರುವ ಪೋಷಕರಿಗೆ ಅವರ ಮಗುವಿರುವ ಗುಂಪನ್ನು ಕೊಡಬೇಡಿ. ತಮ್ಮ ಮಗು ಅತ್ತರೆ ಅವರ ಕಣ್ಣು ಉಳಿದ ಐವರ ಮೇಲಿಂದ ಜಾರುತ್ತದೆ, ಅದು ಅವರ ತಪ್ಪಲ್ಲ. ತುಂಟ ಮಕ್ಕಳೆಲ್ಲರನ್ನೂ ಗಟ್ಟಿ ದನಿಯ ಒಬ್ಬ ಮಾಸ್ತರರ ಗುಂಪಿಗೆ ಹಾಕುವ ಅಭ್ಯಾಸವನ್ನೂ ಬಿಡಬೇಕು. ತುಂಟರು ಎಲ್ಲಿದ್ದಾರೆಂದು ಎಲ್ಲರಿಗೂ ಗೊತ್ತಿರುತ್ತದೆ. ಮಾತೇ ಆಡದ, ಕಂಡದ್ದನ್ನು ನೋಡುತ್ತ ನಿಂತುಬಿಡುವ ಮಗುವೇ ಹಿಂದೆ ಉಳಿಯುವುದು, ಆ ಮಗುವಿನ ಹೆಸರಿನ ಕೆಳಗೆ ಪಟ್ಟಿಯಲ್ಲಿ ಗೆರೆ ಎಳೆದಿಟ್ಟುಕೊಳ್ಳಿ.

ಪ್ರವಾಸದ ಹಿಂದಿನ ದಿನ ಮಕ್ಕಳನ್ನು ಗುಂಪುಗಳಾಗಿ ನಿಲ್ಲಿಸಿ, ತಮ್ಮ ಹೊಣೆಗಾರರು ಯಾರು, ಜೋಡಿಯ ಮಗು ಯಾರು ಎಂದು ಪ್ರತಿಯೊಬ್ಬರಿಂದಲೂ ಹೇಳಿಸಿ. ದಾರಿ ತಪ್ಪಿದರೆ ಇದ್ದಲ್ಲಿಯೇ ನಿಲ್ಲಬೇಕು, ಹುಡುಕುತ್ತ ಹೋಗಬಾರದು, ಸಮವಸ್ತ್ರದ ಸಿಬ್ಬಂದಿಗೆ ಅಥವಾ ಮಕ್ಕಳನ್ನು ಕರೆತಂದಿರುವ ಅಮ್ಮನೊಬ್ಬರಿಗೆ ಶಾಲೆಯ ಹೆಸರು ಹೇಳಬೇಕು ಎಂಬುದನ್ನು ಶಾಲೆಯ ಅಂಗಳದಲ್ಲಿಯೇ ಆಡಿಸಿ ಕಲಿಸಿ. ಕೇಳಿಸಿಕೊಂಡದ್ದು ಬೆಳಗಾಗುವುದರೊಳಗೆ ಮರೆತುಹೋಗಬಹುದು, ಆಡಿದ್ದು ನೆನಪಿರುತ್ತದೆ.

ಹಂತ 4: ಚೀಲದಲ್ಲಿ ಇರಬೇಕಾದದ್ದು

ಪ್ರತಿ ಹೊಣೆಗಾರರ ಬಳಿ ಹೆಗಲಿಗೆ ಹಾಕುವ ಒಂದು ಚೀಲವಿರಲಿ, ಎರಡೂ ಕೈ ಖಾಲಿ ಇರಬೇಕು. ಅದರಲ್ಲಿ ಗುಂಪಿನ ಪಟ್ಟಿ ಕಾಗದದಲ್ಲಿ, ಪೆನ್ನು, ಸೀಟಿ, ನೀರು, ಓಆರ್‌ಎಸ್ ಪೊಟ್ಟಣ, ಗಾಯಕ್ಕೆ ಹಚ್ಚುವ ಪಟ್ಟಿ, ಹತ್ತಿ, ಸಾಬೂನಿನ ತುಂಡು, ವಾಂತಿಗೆ ನಾಲ್ಕೈದು ತೊಟ್ಟೆ (ಪ್ಲಾಸ್ಟಿಕ್ ಚೀಲ), ಒಂದು ಬೈರಾಸು (ಟವೆಲು) ಇಡಿ. ಗುಂಪುರಹಿತ ಹೊಣೆಗಾರರ ಚೀಲದಲ್ಲಿ ಎಲ್ಲ ಗುಂಪುಗಳ ಪಟ್ಟಿ, ಒಪ್ಪಿಗೆ ಪತ್ರಗಳ ಪ್ರತಿ, ಎರಡು ಅಳತೆಯ ಚಡ್ಡಿಗಳು, 4 ಮತ್ತು 5ನೇ ತರಗತಿಯ ಹುಡುಗಿಯರಿದ್ದರೆ ಸ್ಯಾನಿಟರಿ ಪ್ಯಾಡ್ ಇರಬೇಕು. ಉಬ್ಬಸದ ಮಗುವಿನ ಇನ್‌ಹೇಲರ್ ಮಾತ್ರ ಬಸ್ಸಿನಲ್ಲಿಡುವ ದೊಡ್ಡ ಪೆಟ್ಟಿಗೆಗೆ ಹೋಗಬಾರದು, ಆ ಮಗುವಿನ ಹೊಣೆಗಾರರ ಚೀಲದಲ್ಲಿಯೇ ಇರಬೇಕು.

ಮಕ್ಕಳ ಕೊರಳಿಗೆ ದೊಡ್ಡಕ್ಷರದಲ್ಲಿ ಹೆಸರು ಬರೆದ ಚೀಟಿ ಕಟ್ಟುವುದು ತಪ್ಪು. ಹೆಸರು ಹಿಡಿದು ಕರೆದ ಅಪರಿಚಿತರನ್ನು ಸಣ್ಣ ಮಗು ಬೇಗ ನಂಬುತ್ತದೆ. ಚೀಟಿಯ ಹೊರಗೆ ಶಾಲೆಯ ಹೆಸರು ಮತ್ತು ಫೋನ್ ಸಂಖ್ಯೆ ಸಾಕು. ಮಗುವಿನ ಹೆಸರು ಒಳಮಗ್ಗುಲಲ್ಲಿರಲಿ.

ಹಂತ 5: ಬೆಳಿಗ್ಗೆ ಹೊರಡುವಾಗ

ಈ ಕ್ರಮವನ್ನು ತಪ್ಪಿಸಬೇಡಿ: ಮೊದಲು ಗುಂಪಿನಲ್ಲಿ ನಿಲ್ಲಿಸುವುದು, ಆಮೇಲೆ ಹೆಸರು ಕರೆಯುವುದು, ಅನಂತರ ಗುಂಪಿನ ಫೋಟೊ, ಬಳಿಕ ಶೌಚಾಲಯ, ಕೊನೆಗೆ ಬಸ್ಸು. ಫೋಟೊ ತೆಗೆಯುವುದು ನೆನಪಿಗಾಗಿಯಲ್ಲ. ಮಗು ಕಾಣೆಯಾದಾಗ ಯಾವ ಬಣ್ಣದ ಅಂಗಿ, ಯಾವ ಚಪ್ಪಲಿ, ಕೂದಲು ಹೇಗೆ ಕಟ್ಟಿದ್ದರು ಎಂದು ಕೇಳಿದರೆ ಗಾಬರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಅದೇ ದಿನದ, ಅದೇ ಉಡುಪಿನ, ತಲೆಯಿಂದ ಕಾಲಿನವರೆಗೆ ಕಾಣುವ ಚಿತ್ರ ಫೋನಿನಲ್ಲಿದ್ದರೆ ಬಾಗಿಲಿನ ಕಾವಲುಗಾರರಿಗೆ ತಕ್ಷಣ ತೋರಿಸಬಹುದು.

ಬಸ್ಸಿನಲ್ಲಿ ಗುಂಪುಗಳು ಒಟ್ಟಿಗೆ ಕುಳಿತುಕೊಳ್ಳಬೇಕು. ಒಬ್ಬ ಹಿರಿಯರು ಮುಂದಿನ ಬಾಗಿಲಿನ ಬಳಿ, ಒಬ್ಬರು ಹಿಂದಿನ ಬಾಗಿಲಿನ ಬಳಿ, ಒಬ್ಬರು ತುರ್ತು ಬಾಗಿಲಿನ ಪಕ್ಕದಲ್ಲಿರಬೇಕು. ಆ ಬಾಗಿಲು ತೆರೆಯುತ್ತದೆಯೇ ಎಂದು ಹೊರಡುವ ಮೊದಲೇ ಚಾಲಕರಿಂದ ತೆರೆಸಿ ನೋಡಿ. ವಾಂತಿಯಾಗುವ ಮಕ್ಕಳನ್ನು ಮುಂದಿನ ಸಾಲುಗಳಲ್ಲಿ, ಎದುರಿನ ರಸ್ತೆ ಕಾಣುವಂತೆ ಕೂರಿಸಿ. ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿ ತಿಂದು ಬಂದ ಮಗುವಿಗಿಂತ ಖಾಲಿ ಹೊಟ್ಟೆಯ ಮಗುವಿಗೂ, ಬಸ್ಸು ಹತ್ತುವಾಗ ಗೋಳಿಬಜೆ ತಿಂದ ಮಗುವಿಗೂ ತೊಂದರೆ ಹೆಚ್ಚು, ಇದನ್ನು ಮನೆಯವರಿಗೆ ಹಿಂದಿನ ದಿನವೇ ತಿಳಿಸಿ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗುವಾಗ ಒಂದು ನಿಯಮವನ್ನು ಚಾಲಕರಿಗೆ ಮೊದಲೇ ಹೇಳಿಡಿ: ಮಕ್ಕಳನ್ನು ಹೆದ್ದಾರಿ ದಾಟಿಸುವುದಿಲ್ಲ. ಹೋಟೆಲು ಎದುರು ಬದಿಯಲ್ಲಿದ್ದರೆ ಬಸ್ಸೇ ಸುತ್ತು ಹಾಕಿ ಆ ಬದಿಗೆ ಬರಲಿ. ಎರಡು ಕಿಲೋಮೀಟರ್ ಡೀಸೆಲ್ ಉಳಿಸಲು ಐವತ್ತು ಮಕ್ಕಳನ್ನು ಕೈ ಹಿಡಿಸಿ ನಾಲ್ಕು ಪಥ ದಾಟಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಾಲಿನ ತಲೆ ನಡುಪಟ್ಟಿ ಮುಟ್ಟಿದಾಗ ಬಾಲ ಇನ್ನೂ ಈಚೆ ದಡದಲ್ಲಿತ್ತು, ನಡುವಿನಲ್ಲಿದ್ದ ಪುಟ್ಟ ಹುಡುಗಿ ಕಳಚಿದ ಚಪ್ಪಲಿಗಾಗಿ ರಸ್ತೆಯಲ್ಲಿಯೇ ಬಗ್ಗಿದಳು. ಎಕ್ಸ್‌ಪ್ರೆಸ್ ಬಸ್ಸೊಂದರ ಹಾರ್ನು ಕೇಳಿಸುತ್ತಿತ್ತು.

ಹಂತ 6: ಎಣಿಕೆ

ಇದು ಎಲ್ಲಕ್ಕಿಂತ ಹೆಚ್ಚು ಬಾರಿ ಕೆಡುವ ಕೆಲಸ. ಬಾಗಿಲಿನಲ್ಲಿ ನಿಂತು ಒಬ್ಬರು ಎಲ್ಲರ ತಲೆ ಎಣಿಸುತ್ತಾರೆ, ಹಿಂದಿನಿಂದ ಇನ್ನೊಬ್ಬರು ಎಣಿಸುತ್ತಾರೆ, ನಡುವೆ ಮಕ್ಕಳು ಜಾಗ ಬದಲಾಯಿಸುತ್ತಾರೆ, ಒಬ್ಬರಿಗೆ 47, ಇನ್ನೊಬ್ಬರಿಗೆ 48 ಬರುತ್ತದೆ, "ಸರಿ ಇದೆ, ಹೊರಡಿ" ಎಂದು ಯಾರೋ ಹೇಳುತ್ತಾರೆ.

ಲೆಕ್ಕ ಸರಿ ಬಂದರೂ ಮಗು ತಪ್ಪಬಹುದು ಎಂಬುದನ್ನು ನಾನು ಕಲಿತದ್ದು ಒಂದು ಪ್ರವಾಸಿ ತಾಣದ ವಾಹನ ನಿಲ್ದಾಣದಲ್ಲಿ. ಅಂದು 42 ಮಕ್ಕಳನ್ನು ನಾನೇ ಎಣಿಸಿದ್ದೆ, 42 ಬಂದಿತ್ತು. ಚಾಲಕರು ಚಹಾ ಮುಗಿಸಿ ಬರುವುದು ತಡವಾದ್ದರಿಂದ ಹೆಸರು ಕರೆದೆವು. ನಮ್ಮ ಮೂರನೇ ತರಗತಿಯ ಹುಡುಗನೊಬ್ಬ ಉತ್ತರ ಕೊಡಲಿಲ್ಲ. ಅವನ ಸೀಟಿನಲ್ಲಿ ಬಿಳಿ ಅಂಗಿ, ನೀಲಿ ಚಡ್ಡಿಯ ಇನ್ನೊಬ್ಬ ಹುಡುಗ ಕುಳಿತಿದ್ದ. ಪಕ್ಕದಲ್ಲಿ ನಿಂತಿದ್ದ ಬೇರೆ ಶಾಲೆಯ ಬಸ್ಸಿನ ಮಗು ಅದು, ಅದೇ ಬಣ್ಣದ ಸಮವಸ್ತ್ರ, ತನ್ನ ಬಸ್ಸೆಂದೇ ಹತ್ತಿ ಕುಳಿತಿತ್ತು. ನಮ್ಮ ಹುಡುಗ ನಲ್ಲಿಯ ಕೆಳಗೆ ಬುತ್ತಿಯ ಡಬ್ಬ ತಿಕ್ಕುತ್ತ ನಿಂತಿದ್ದ, ಅಮ್ಮ ತೊಳೆದು ತರಲು ಹೇಳಿದ್ದರಂತೆ. ಚಾಲಕರು ಮೂರು ನಿಮಿಷ ಮುಂಚೆ ಬಂದಿದ್ದರೆ ನಾವು ಹೊರಟುಬಿಡುತ್ತಿದ್ದೆವು. ಅಂದಿನಿಂದ ನಾನು ಬಸ್ಸಿನಲ್ಲಿ ತಲೆ ಎಣಿಸಿ ತೃಪ್ತಿಪಟ್ಟಿಲ್ಲ.

ಸರಿಯಾದ ಕ್ರಮ ಹೀಗಿದೆ. ಹೊಣೆಗಾರರು ತಮ್ಮ ಗುಂಪಿನ ಆರು ಹೆಸರುಗಳನ್ನು ಕರೆದು, ಮಗುವಿನ ಮುಖ ನೋಡಿಯೇ ಗುರುತು ಹಾಕುತ್ತಾರೆ. "ಬಂದಿದ್ದಾನೆ ಟೀಚರ್" ಎಂದು ಪಕ್ಕದವರು ಹೇಳಿದ್ದನ್ನು ಒಪ್ಪುವುದಿಲ್ಲ. ಬಳಿಕ ಗುಂಪುರಹಿತ ಹೊಣೆಗಾರರಿಗೆ "ಹಳದಿ ಗುಂಪು, ಆರು, ಪೂರ್ತಿ" ಎಂದು ಗಟ್ಟಿಯಾಗಿ ಹೇಳುತ್ತಾರೆ. ಎಲ್ಲ ಗುಂಪುಗಳೂ ಹೇಳಿದ ಮೇಲೆಯೇ ಬಸ್ಸು ಶುರು ಮಾಡಲು ಅನುಮತಿ, ಆ ಅನುಮತಿ ಒಬ್ಬರ ಬಾಯಿಂದ ಮಾತ್ರ. ಬಸ್ಸಿನಿಂದ ಇಳಿದ ಮೇಲೆ, ಬಾಗಿಲು ದಾಟಿದ ಮೇಲೆ, ಶೌಚಾಲಯದ ಮೊದಲು ಮತ್ತು ನಂತರ, ಊಟಕ್ಕೆ ಕುಳಿತಾಗ ಮತ್ತು ಎದ್ದಾಗ, ಬಸ್ಸು ಹತ್ತಿದಾಗ ಇದು ನಡೆಯಬೇಕು. ದಿನಕ್ಕೆ ಹತ್ತು ಹನ್ನೆರಡು ಸಲವಾಗುತ್ತದೆ, ಪ್ರತಿ ಸಲಕ್ಕೆ ಒಂದು ನಿಮಿಷ.

ಹಂತ 7: ನಡಿಗೆ, ಶೌಚಾಲಯ, ಚಪ್ಪಲಿ

ಸಾಲಿನ ಮುಂದೆ ನಡೆಯುವವರು ಅತಿ ನಿಧಾನದ ಮಗುವಿನ ನಡಿಗೆಗೆ ಹೊಂದಿಕೊಂಡು ನಡೆಯಬೇಕು, ಪ್ರತಿ ತಿರುವಿನಲ್ಲಿಯೂ ನಿಲ್ಲಬೇಕು. ಕೊನೆಯವರು ಯಾವ ಕಾರಣಕ್ಕೂ ಯಾವ ಮಗುವನ್ನೂ ದಾಟಿ ಮುಂದೆ ಹೋಗಬಾರದು. ಹಿಂದೆ ಉಳಿದ ಮಗುವಿನ ಚಪ್ಪಲಿ ಸರಿಪಡಿಸಲು ನಿಂತರೆ ಒಂದು ಸೀಟಿ ಊದಿ, ಇಡೀ ಸಾಲು ನಿಲ್ಲಲಿ.

"ಟೀಚರ್, ಒಂದಕ್ಕೆ" ಎಂದು ಒಬ್ಬ ಎದ್ದರೆ ನಾಲ್ವರು ಏಳುತ್ತಾರೆ. ಜೋಡಿ ಮಾಡಿ ಕಳುಹಿಸುವುದು ತಪ್ಪು. ಎರಡು ಸಣ್ಣ ಮಕ್ಕಳು ಸೇರಿದರೆ ಒಬ್ಬ ದೊಡ್ಡವರಾಗುವುದಿಲ್ಲ. ಇಡೀ ಗುಂಪು ಒಟ್ಟಿಗೆ ಹೋಗಬೇಕು. ಹೊಣೆಗಾರರು ಮೊದಲು ಒಳಗೆ ಹೋಗಿ ಯಾರಿದ್ದಾರೆ, ಇನ್ನೊಂದು ಬಾಗಿಲಿದೆಯೇ ಎಂದು ನೋಡಿ, ಆಮೇಲೆ ಹೊರಬಾಗಿಲಿನಲ್ಲಿ ನಿಂತು ಒಬ್ಬೊಬ್ಬರನ್ನಾಗಿ ಬಿಡಬೇಕು. ಹುಡುಗಿಯರ ಜೊತೆ ಮಹಿಳೆಯರೇ ಹೋಗಬೇಕು. ಚಿಲಕ ಹಾಕಲು ಹೆದರುವ ಮಕ್ಕಳಿಗೆ ಬಾಗಿಲನ್ನು ಬರಿದೆ ಮುಂದೆ ಮಾಡಿ ಹೊರಗೆ ನೀವು ನಿಂತಿರುವುದಾಗಿ ಹೇಳಿದರೆ ಸಾಕು. ಕೇಳದೆಯೇ ಒಂದೂವರೆ ಗಂಟೆಗೊಮ್ಮೆ ಕರೆದೊಯ್ಯಿರಿ. ಕೇಳಲು ನಾಚಿ ಬೆಳಿಗ್ಗೆಯಿಂದ ನೀರೇ ಕುಡಿಯದ ಹುಡುಗಿಯರು ಪ್ರತಿ ಪ್ರವಾಸದಲ್ಲಿಯೂ ಇರುತ್ತಾರೆ, ಮಧ್ಯಾಹ್ನ ತಲೆ ತಿರುಗಿ ಬೀಳುವವರಲ್ಲಿ ಅವರೇ ಮೊದಲಿಗರು.

ದೇವಸ್ಥಾನ ಅಥವಾ ಬಸದಿಗೆ ಹೋಗುವಾಗ ಚಪ್ಪಲಿಗಳನ್ನು ಬಾಗಿಲಿನಲ್ಲಿ ಚೆಲ್ಲಾಪಿಲ್ಲಿಯಾಗಿ ಬಿಡಬೇಡಿ. ಗುಂಪಿಗೊಂದು ಗೋಣಿಚೀಲ ಕೊಟ್ಟು ಆರು ಜೊತೆಯನ್ನೂ ಅದರಲ್ಲಿ ಹಾಕಿ, ಬಸ್ಸಿನಲ್ಲಿಯೇ ಬಿಚ್ಚಿಸುವುದು ಇನ್ನೂ ಒಳ್ಳೆಯದು. ಜನಜಂಗುಳಿಯಲ್ಲಿ ಮಗು ಗುಂಪಿನಿಂದ ಬೇರೆಯಾಗುವುದು ಹೆಚ್ಚಾಗಿ ದರ್ಶನದ ಸಾಲಿನಲ್ಲಿ ಅಲ್ಲ, ಹೊರಬಂದ ಮೇಲೆ ತನ್ನ ಚಪ್ಪಲಿ ಹುಡುಕುವಾಗ.

ಹಂತ 8: ಊಟ, ನೀರು, ಬಿಸಿಲು

ಗುಂಪು ಗುಂಪಾಗಿ ದುಂಡಗೆ ಕೂರಿಸಿ, ಕೈ ತೊಳೆಸಿ, ಎಲ್ಲರೂ ಊಟ ಮುಗಿಸಿದ ಮೇಲೆ ಹೊಣೆಗಾರರು ಸರದಿಯಂತೆ ಊಟ ಮಾಡಬೇಕು. ಹಿರಿಯರೆಲ್ಲ ಒಂದು ಕಡೆ ಎಲೆ ಹಾಕಿಕೊಂಡು ಕುಳಿತ ಆ ಕಾಲು ಗಂಟೆಯಲ್ಲಿ ಮಕ್ಕಳು ಕೆರೆಯ ಕಡೆಗೆ ಹೋಗಿರುತ್ತಾರೆ. ಬುತ್ತಿ ಹಂಚಿಕೊಳ್ಳುವುದು ಮಕ್ಕಳಿಗೆ ಪ್ರೀತಿಯ ವಿಷಯ, ಆದರೆ ಗೇರುಬೀಜ, ನೆಲಗಡಲೆ, ಸಿಗಡಿಯ ಅಲರ್ಜಿ ಇರುವ ಮಗುವಿನ ಪಕ್ಕದಲ್ಲಿ ಹೊಣೆಗಾರರೇ ಕುಳಿತುಕೊಳ್ಳಬೇಕು. ಕೈಖರ್ಚಿನ ಹಣ ತರದಂತೆ ಮೊದಲೇ ಹೇಳಿದರೆ ಚುರುಮುರಿ ಗಾಡಿಯ ಹಿಂದೆ ಓಡುವವರನ್ನು ಹಿಡಿಯುವ ಕೆಲಸ ತಪ್ಪುತ್ತದೆ.

ಕರಾವಳಿಯ ಸೆಕೆಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಘಟ್ಟದ ಮೇಲಿನಿಂದ ಬಂದ ಮಕ್ಕಳಿಗೆ ಇದು ಇನ್ನೂ ಕಷ್ಟ. ಬಾಯಾರಿಕೆಯೆಂದು ಕೇಳುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ಎಲ್ಲರೂ ನಿಂತು ನಾಲ್ಕು ಗುಟುಕು ಕುಡಿಯಲಿ. ಹನ್ನೆರಡರಿಂದ ಮೂರರವರೆಗೆ ನೆರಳಿನಲ್ಲಿ ಅಥವಾ ಕಟ್ಟಡದೊಳಗೆ ನೋಡುವ ಕಾರ್ಯಕ್ರಮ ಇಟ್ಟುಕೊಳ್ಳಿ. ಎಚ್ಚರಿಕೆಯ ಚಿಹ್ನೆಗಳು ಇವು: ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾಗುವುದು, ತಲೆನೋವು, ವಾಕರಿಕೆ, ಮುಖ ಕೆಂಪೇರುವುದು ಅಥವಾ ಬಿಳಿಚಿಕೊಳ್ಳುವುದು, ಕಾಲು ಸೆಳೆತ. ಕೂಡಲೇ ನೆರಳಿಗೆ ಕರೆತಂದು ಬಟ್ಟೆ ಸಡಿಲಿಸಿ, ಒದ್ದೆ ಬೈರಾಸಿನಿಂದ ಕುತ್ತಿಗೆ, ಕಂಕುಳು ಒರೆಸಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿದ ಓಆರ್‌ಎಸ್ ಕೊಡಿ. ಅರ್ಥವಿಲ್ಲದೆ ಮಾತನಾಡಿದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ, ಮೈ ತಣಿಸುತ್ತಲೇ 108ಕ್ಕೆ ಕರೆ ಮಾಡಿ.

ಮೂಗಿನಿಂದ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಬಾಗಿಸಬಾರದು. ಮುಂದಕ್ಕೆ ಬಗ್ಗಿಸಿ ಕೂರಿಸಿ ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಾಯಿ ಕಚ್ಚಿದರೆ, ಬರಿಯ ಪರಚಿದ್ದಾದರೂ, ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಪಸ್ಮಾರ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇನ್ನೂ ನಿಂತಿಲ್ಲ. ಇವು ಯಾವುವೂ ಬೇಡ. ಸುತ್ತಲಿನ ವಸ್ತುಗಳನ್ನು ಸರಿಸಿ, ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ.

ಹಂತ 9: ನೀರಿನ ಬಳಿ

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದಾದ ಮೇಲೆಯೂ ಮಲ್ಪೆಯಲ್ಲಿ, ಪಣಂಬೂರಿನಲ್ಲಿ ಸಮವಸ್ತ್ರದ ಮಕ್ಕಳು ಮೊಣಕಾಲಿನವರೆಗಿನ ನೀರಿನಲ್ಲಿ ನಿಂತಿರುವುದನ್ನೂ ಅವರ ಜೊತೆ ಬಂದವರು ದಡದಲ್ಲಿ ನಿಂತು ಫೋನಿನಲ್ಲಿ ಚಿತ್ರ ತೆಗೆಯುತ್ತಿರುವುದನ್ನೂ ಕಾಣುತ್ತೇವೆ. ಪ್ರಾಥಮಿಕ ಶಾಲೆಯ ಮಕ್ಕಳು ಕಡಲಿಗೆ ಇಳಿಯಲೇಬಾರದು. ಪಾದ ನೆನೆಸುವುದಕ್ಕೂ ನಾನು ಒಪ್ಪುವುದಿಲ್ಲ, ಏಕೆಂದರೆ ಪಾದ ನೆನೆದ ಮಗು ಎರಡು ಹೆಜ್ಜೆ ಮುಂದಿಡುತ್ತದೆ, ಹಿಂದಿರುಗುವ ಅಲೆ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುವಾಗ ಆರು ವರ್ಷದ ಮಗು ನಿಲ್ಲಲಾರದು.

ಕಡಲತೀರಕ್ಕೆ ಹೋಗುವುದೇ ಆದರೆ ಒಣ ಮರಳಿನಲ್ಲಿ ಗೆರೆ ಎಳೆದು, ಆ ಗೆರೆಯ ಮೇಲೆ ಹಿರಿಯರು ಬಿಡಿಬಿಡಿಯಾಗಿ ಮಕ್ಕಳ ಕಡೆಗೆ ಮುಖ ಮಾಡಿ ನಿಲ್ಲಬೇಕು. ಹೋದ ಕೂಡಲೇ ಜೀವರಕ್ಷಕರೊಂದಿಗೆ ಮಾತನಾಡಿ. ಅಲೆ ಒಡೆಯದೆ ಶಾಂತವಾಗಿ ಕಾಣುವ, ನೊರೆಯೂ ಕಸವೂ ಹೊರಕಡಲಿನ ಕಡೆಗೆ ಸಾಗುತ್ತಿರುವ ಪಟ್ಟಿಯಲ್ಲಿಯೇ ಸೆಳೆತ ಇರುತ್ತದೆ. ಗೊತ್ತಿಲ್ಲದವರು ಅದನ್ನೇ ಸುರಕ್ಷಿತ ಜಾಗವೆಂದು ಆರಿಸುತ್ತಾರೆ. ಮುಳುಗುತ್ತಿರುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಏಳುತ್ತ ಮುಳುಗುತ್ತ, ಸದ್ದಿಲ್ಲದೆ ಇರುತ್ತದೆ. ಈಜು ಬಾರದವರು ಹಿಂದೆ ಜಿಗಿಯದೆ, ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆದು ಜೀವರಕ್ಷಕರನ್ನು ಕರೆಯಬೇಕು. ಕರಾವಳಿ ಕಾವಲು ಪೊಲೀಸರ ಸಹಾಯವಾಣಿ 1093, ಸಾಮಾನ್ಯ ತುರ್ತು ಸಂಖ್ಯೆ 112. ಎರಡನ್ನೂ ಎಲ್ಲ ಹೊಣೆಗಾರರ ಫೋನಿನಲ್ಲಿ ಮೊದಲೇ ಸೇರಿಸಿಡಿ. ಕೆರೆ, ತೆರೆದ ಬಾವಿ, ಕೃಷಿತೋಟದ ಮದಕಗಳ (ನೀರು ನಿಲ್ಲಿಸುವ ಹೊಂಡಗಳ) ಬಳಿಯೂ ಇದೇ ನಿಯಮ.

ಹಂತ 10: ಮಗು ಕಾಣಿಸದಿದ್ದರೆ

ಮೊದಲು ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಉಳಿದ ಮಕ್ಕಳನ್ನೆಲ್ಲ ಇದ್ದಲ್ಲಿಯೇ ಕೂರಿಸಿ, ಹುಡುಕಲು ಹೋಗುವವರ ಗುಂಪನ್ನು ಹೆಸರು ಹೇಳಿ ಪಕ್ಕದ ಹೊಣೆಗಾರರಿಗೆ ಒಪ್ಪಿಸಿ. ಎಲ್ಲ ಹಿರಿಯರೂ ಒಮ್ಮೆಲೇ ಓಡಿದರೆ ಎರಡನೆಯ ಮಗುವೂ ಕಾಣೆಯಾಗುತ್ತದೆ. ಹತ್ತಿರದಲ್ಲಿ ನೀರಿದ್ದರೆ ಒಬ್ಬರು ನೇರವಾಗಿ ನೀರಿನ ಅಂಚಿಗೇ ಹೋಗಬೇಕು. ಇನ್ನೊಬ್ಬರು ಬಂದ ದಾರಿಯಲ್ಲಿ ಹಿಂದಕ್ಕೆ ನಡೆದು ಶೌಚಾಲಯ, ನಲ್ಲಿ, ಆಟಿಕೆಯ ಅಂಗಡಿ, ಪ್ರಾಣಿಗಳ ಬೇಲಿಯ ಬಳಿ ನೋಡಬೇಕು. ಗುಂಪುರಹಿತ ಹೊಣೆಗಾರರು ಮುಖ್ಯ ಬಾಗಿಲಿಗೆ ಹೋಗಿ ಬೆಳಗಿನ ಫೋಟೊ ತೋರಿಸಿ, ಧ್ವನಿವರ್ಧಕದಲ್ಲಿ ಮಗುವಿನ ಹೆಸರಿನ ಬದಲು ಶಾಲೆಯ ಹೆಸರನ್ನೂ ಅಂಗಿಯ ಬಣ್ಣವನ್ನೂ ಹೇಳಿಸಬೇಕು. ಹತ್ತು ನಿಮಿಷದಲ್ಲಿ ಸಿಗದಿದ್ದರೆ 112ಕ್ಕೂ ಮನೆಯವರಿಗೂ ತಿಳಿಸಿ. ಶಾಲೆಗೆ ಕೆಟ್ಟ ಹೆಸರು ಬರುತ್ತದೆಂದು ಅರ್ಧ ಗಂಟೆ ಮುಚ್ಚಿಡುವುದು ಕ್ಷಮಿಸಲಾಗದ ತಪ್ಪು. ಮಕ್ಕಳ ಸಹಾಯವಾಣಿ 1098ರ ನೆರವೂ ಇದೆ.

ಮಗು ಸಿಕ್ಕಾಗ ಗದರಿಸಬೇಡಿ. ಗದರಿಸಿಕೊಂಡ ಮಗು ಮುಂದಿನ ಸಲ ಸೀಟಿಯ ಸದ್ದು ಕೇಳಿ ಅಡಗಿಕೊಳ್ಳುತ್ತದೆ.

ಹಂತ 11: ಹಿಂದಿರುಗುವಿಕೆ ಮತ್ತು ಒಪ್ಪಿಸುವಿಕೆ

ಸಂಜೆ ನಾಲ್ಕರ ಹೊತ್ತಿಗೆ ಹಿರಿಯರೂ ದಣಿದಿರುತ್ತಾರೆ, ಬೆಳಿಗ್ಗೆಯಿಂದ ಅಷ್ಟು ಸಲ ಎಣಿಸಿದವರು ಕೊನೆಯ ಎಣಿಕೆಯನ್ನು ಬಿಟ್ಟುಬಿಡುವುದು ಆಗಲೇ. ಬಸ್ಸಿನಲ್ಲಿ ಮಕ್ಕಳು ನಿದ್ದೆ ಹೋದ ಮೇಲೆ ಹೆಸರು ಕರೆಯಲಾಗುವುದಿಲ್ಲ, ಆದ್ದರಿಂದ ಹತ್ತಿದ ಕೂಡಲೇ ಕರೆಯಿರಿ.

ಮಂಗಳೂರಿನಿಂದ ಉಡುಪಿಯ ಕಡೆಗೆ ಹೊರಟ ಬಸ್ಸು ಪಡುಬಿದ್ರಿ ದಾಟುವುದರೊಳಗೆ ಫೋನುಗಳು ಬರತೊಡಗುತ್ತವೆ: "ಟೀಚರೇ, ಹೇಗೂ ಬಸ್ಸು ಕಟಪಾಡಿಯ ಮೇಲೆಯೇ ಬರುವುದಲ್ಲವಾ, ಅಲ್ಲಿಯೇ ಇಳಿಸಿಬಿಡಿ, ಅವಳ ಮಾವ ನಿಂತಿರುತ್ತಾರೆ." ಒಪ್ಪಬೇಡಿ. ಮುಸ್ಸಂಜೆಯಲ್ಲಿ, ಹೆದ್ದಾರಿಯ ಬದಿಯಲ್ಲಿ, ನಿದ್ದೆಗಣ್ಣಿನ ಮಗುವನ್ನು ಪತ್ರದಲ್ಲಿ ಹೆಸರಿಲ್ಲದ ವ್ಯಕ್ತಿಯ ಕೈಗೆ ಕೊಡುವುದು ಇಡೀ ದಿನದ ಜಾಗ್ರತೆಯನ್ನು ಒಂದು ನಿಮಿಷದಲ್ಲಿ ಹಾಳುಮಾಡುತ್ತದೆ. ಎಲ್ಲ ಮಕ್ಕಳೂ ಶಾಲೆಯ ಅಂಗಳದಲ್ಲಿಯೇ ಇಳಿಯುತ್ತಾರೆಂದು ಒಪ್ಪಿಗೆ ಪತ್ರದಲ್ಲಿಯೇ ಬರೆದಿದ್ದರೆ ಈ ಮಾತು ಬೆಳೆಯುವುದಿಲ್ಲ.

ಶಾಲೆ ತಲುಪಿದ ಮೇಲೆ ಮಕ್ಕಳನ್ನು ಇಳಿಸಿ ಒಂದು ಕೋಣೆಯಲ್ಲಿ ಗುಂಪಾಗಿ ಕೂರಿಸಿ. ಬಸ್ಸಿನ ಬಾಗಿಲಿನಲ್ಲಿಯೇ ಹಂಚಬೇಡಿ. ಚಾಲಕರು ಹೊರಡುವ ಮೊದಲು ಒಬ್ಬರು ಕೊನೆಯ ಸೀಟಿನವರೆಗೆ ನಡೆದು, ಬಗ್ಗಿ ಸೀಟಿನ ಕೆಳಗೂ ನೋಡಬೇಕು. ಕರೆದೊಯ್ಯಲು ಬಂದವರ ಹೆಸರನ್ನು ಪತ್ರದೊಂದಿಗೆ ತಾಳೆ ನೋಡಿ, ಮಗುವಿನ ಹೆಸರಿನ ಮುಂದೆ ಅವರ ಸಹಿ ಮತ್ತು ಸಮಯ ಬರೆಸಿಕೊಳ್ಳಿ. ದಾರಿಯಲ್ಲಿ ಮಗುವಿ​ಗೆ ವಾಂತಿಯಾಗಿದ್ದರೆ, ಬಿದ್ದು ತಲೆಗೆ ಪೆಟ್ಟಾಗಿದ್ದರೆ, ಔಷಧ ಕೊಟ್ಟಿದ್ದರೆ ಅದನ್ನು ಆಗಲೇ ಎದುರಿನಲ್ಲಿ ಹೇಳಬೇಕು. ತಲೆಗೆ ಪೆಟ್ಟಾದ ಮಗು ರಾತ್ರಿ ಮತ್ತೆ ಮತ್ತೆ ವಾಂತಿ ಮಾಡಿದರೆ ಅಥವಾ ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಲು ತಿಳಿಸಿ. ಯಾರೂ ಬಾರದ ಒಂದೆರಡು ಮಕ್ಕಳು ಉಳಿದೇ ಉಳಿಯುತ್ತಾರೆ. ಇಬ್ಬರು ಹಿರಿಯರು ಅವರ ಜೊತೆ ಕೋಣೆಯ ದೀಪ ಹಾಕಿ ಕುಳಿತಿರಲಿ, ಪಟ್ಟಿಯ ಕೊನೆಯ ಸಾಲಿನಲ್ಲಿಯೂ ಸಹಿ ಬಿದ್ದ ಮೇಲೆಯೇ ಬೀಗ ಹಾಕಿ.